ಒಂದು ದಿನವೂ ಬಿಡದ ಉಪವಾಸ

ರಮಜಾನ್ ಮುಗಿದ ಹಬ್ಬದ ಬೆಳಿಗ್ಗೆ ನನ್ನ ತಂಗಿ ಕುಸ್ತಿನಿ ಮನೆಗೆ ಬಂದವರ ಮುಂದೆಲ್ಲ ಮಗಳನ್ನು ಹೊಗಳಿದ್ದೇ ಹೊಗಳಿದ್ದು. "ನಮ್ಮ ಲಾರಸ್ ಈ ಸಲ ಒಂದು ದಿನಾನೂ ಉಪವಾಸ ಬಿಟ್ಟಿಲ್ಲ ನೋಡ್ರೀ." ಜಾವಾದ ಸೋಲೊ ಊರಿನ ನಮ್ಮ ಓಣಿಯ ಹೆಂಗಸರು ತಲೆದೂಗಿದರು. ಕೋಳಿಸಾರು ಬಡಿಸುತ್ತಿದ್ದ ನನ್ನ ಕೈ ಮಾತ್ರ ಅಲ್ಲೇ ನಿಂತಿತು.

ಹುಡುಗಿಗೆ ಹದಿನೇಳು. ಮುಟ್ಟಾದ ದಿನಗಳಲ್ಲಿ ನಮ್ಮಲ್ಲಿ ಹೆಂಗಸರು ಉಪವಾಸ ಮಾಡುವಂತಿಲ್ಲ. ಬಿಟ್ಟ ದಿನಗಳನ್ನು ಆಮೇಲೆ ತೀರಿಸುತ್ತೇವೆ. ಒಂದು ದಿನವೂ ಬಿಡಲಿಲ್ಲವೆಂದರೆ ಇವಳು ಮುಟ್ಟೇ ಆಗಿಲ್ಲ. ಹೆತ್ತವಳಿಗೆ ಇಷ್ಟೂ ಹೊಳೆಯಬೇಡವೇ? ತಂಗಿಯ ಮೇಲೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಲಾರಸ್ ಹಿತ್ತಲ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ತಟ್ಟೆಯ ಅನ್ನದ ಕಡುಬನ್ನು ಸಣ್ಣಗೆ ಕತ್ತರಿಸಿದ್ದಳು, ತಿಂದಿರಲಿಲ್ಲ.

"ಮುಟ್ಟಾಗಿ ಎಷ್ಟು ತಿಂಗಳಾಯ್ತೇ?"

"ಮೆಲ್ಲಗೆ, ದೊಡ್ಡಮ್ಮ. ನೆನಪಿಲ್ಲ. ಒಳ್ಳೇದೇ ಆಯ್ತಲ್ಲ, ಕಾಟ ತಪ್ತು."

"ಬೆಳಗಿನ ಜಾವ ಅಮ್ಮ ಬಡಿಸ್ತಿದ್ದ ಊಟ?"

"ಬೆಕ್ಕಿಗೆ ಹಾಕ್ತಿದ್ದೆ. ಬೈಬೇಡಿ. ನನ್ನ ಕೆನ್ನೆ ನೋಡಿ, ಎಷ್ಟು ಊದಿದೆ."

ಕೆನ್ನೆಯೆಲ್ಲಿತ್ತು, ಬರೀ ಎಲುಬು. ಮೇಲೇಳಲು ಹೋದವಳು ಕಣ್ಣು ಕತ್ತಲೆಗಟ್ಟಿ ನನ್ನ ಮೈಮೇಲೆ ಬಿದ್ದಳು. ಇಷ್ಟೆತ್ತರದ ಹುಡುಗಿ ತೋಳಿಗೆ ಭಾರವೇ ಆಗಲಿಲ್ಲ. ನನಗೆ ಅಳು ಬಂತು.

"ಹಬ್ಬದ ದಿನ ಆಸ್ಪತ್ರೆನಾ ಅಕ್ಕ? ಜನ ಏನಂತಾರೆ?" ಎಂದಳು ಕುಸ್ತಿನಿ.

"ಜನಕ್ಕೆ ಹೇಳ್ಕೊಂಡಿದ್ದು ಸಾಕು. ಚಪ್ಪಲಿ ಹಾಕ್ಕೋ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ನಾಡಿ ಹಿಡಿದೇ ಇದ್ದರು. ಆಮೇಲೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು.

"ಹೃದಯ ತೀರಾ ನಿಧಾನವಾಗಿ ಬಡೀತಿದೆ. ನಿಂತುಹೋಗೋ ಅಪಾಯಾನೂ ಇದೆ. ಇವತ್ತೇ ಸೇರಿಸಿ."

"ಉಪವಾಸ ಜಾಸ್ತಿ ಆಯ್ತೇನೋ," ಎಂದು ತಂಗಿ ತಡವರಿಸಿದಳು.

"ಉಪವಾಸ ಮಾಡೋರು ಸಂಜೆ ಯಾವಾಗ ಆಗುತ್ತೋ ಅಂತ ಕಾಯ್ತಾರಮ್ಮ. ಇವಳಿಗೆ ಸಂಜೆ ಅಂದ್ರೇನೇ ಭಯ, ತಿಂದ್ರೆ ದಪ್ಪ ಆಗ್ತೀನಿ ಅಂತ. ಇದು ಹಟ ಅಲ್ಲ, ಕಾಯಿಲೆ. ಬೈದ್ರೆ ಹೋಗಲ್ಲ. ವಾಸಿ ಆಗುತ್ತೆ, ಆದ್ರೆ ದಿನ ಹಿಡಿಯುತ್ತೆ."

ಹುಡುಗಿಯನ್ನು ಸೇರಿಸಿಕೊಂಡರು. ಕುಸ್ತಿನಿ ಮಂಚದ ಬಳಿ ಕೂತು ಮಗಳ ಪಾದ ಒತ್ತತೊಡಗಿದಳು. ನರ್ಸ್ ಲಾರಸ್ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿ ಹೋದಳು. ಇನ್ನು ಜೀವಕ್ಕೆ ಭಯವಿಲ್ಲ ಎಂದು ನಾನು ಉಸಿರು ಬಿಟ್ಟೆ.

ಲಾರಸ್ ಮಾತ್ರ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ.

"ಅಮ್ಮಾ, ಅದ್ರಲ್ಲಿ ಸಕ್ಕರೆ ಇದ್ಯಾ?"

ಅವಳ ಇನ್ನೊಂದು ಕೈ ಆಗಲೇ ಸೂಜಿಯ ಕಡೆಗೆ ಹೊರಟಿತ್ತು.