ಹನ್ನೊಂದು ಸೆಕೆಂಡು

"ಸಿಕ್ಕಿತೇನೇ?"

ಮಗಳು ಚಪ್ಪಲಿ ಬಿಡುವ ಮೊದಲೇ ಅಮ್ಮ ದಿನಾ ಕೇಳುತ್ತಿದ್ದಳು.

"ಸಿಕ್ಕಿದ್ರೆ ಹೇಳಲ್ವಾ? ಪ್ರಾಣ ತಿನ್ಬೇಡ ಅದರದ್ದು," ಅಂತ ಅಪ್ಪನೇ ಉತ್ತರಿಸುತ್ತಿದ್ದ.

ರೇಡಿಯೋ ನಿಲಯದಲ್ಲಿ ಮಗಳದು ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ. ಮೊದಲು ಹೆಸರಾಂತವರದು: ಜಾಝ್ ಪಿಯಾನೋದವನು, ಸಿನಿಮಾ ಹಾಡಿನವಳು, ಗಿಟಾರಿನ ದೊರೆ. ಮಿಕ್ಕಿದ್ದೆಲ್ಲ ತಿಂಗಳ ಕೊನೆಗೆ ಗುಜರಿಗೆ. ಅಲ್ಲಿನ ವಾದ್ಯವೃಂದದಲ್ಲಿ ಇಪ್ಪತ್ತು ವರ್ಷ ಕ್ಲ್ಯಾರಿನೆಟ್ ಊದಿದ ಅಮ್ಮ ಒಬ್ಬಳೇ ನುಡಿಸಿದ್ದು ಒಂದೇ ಸಲ. ಉಳಿಸಬೇಕಾದವರ ಪಟ್ಟಿಯಲ್ಲಿ ಅವಳಿರಲಿಲ್ಲ. ಈಗ ಮುಂದಿನ ಹಲ್ಲುಗಳಿಲ್ಲ, ಊದುವ ಮಾತೇ ಇಲ್ಲ. ಆ ಟೇಪು ಒಮ್ಮೆ ಕೇಳಬೇಕು, ಅಷ್ಟೆ.

ಗುರುವಾರ ಊಟದ ಬಿಡುವಿನಲ್ಲಿ ಅಮ್ಮನ ಹೆಸರಿದ್ದ ಡಬ್ಬಿ ಸಿಕ್ಕಿತು. ಡಬ್ಬಿಯಲ್ಲಿ ಒಂದು ಚೀಟಿಯೂ ಇತ್ತು. ಅದನ್ನು ಪಕ್ಕಕ್ಕಿಟ್ಟು ಟೇಪು ಏರಿಸಿದಳು. ಗಂಡಸೊಬ್ಬ ಕೆಮ್ಮಿ ಮಾತು ಶುರುಮಾಡಿದ. ಗಿಟಾರಿನ ದೊರೆ.

ದನಿ ಕೇಳಿ ಮೇಲಧಿಕಾರಿ ಓಡಿಬಂದ. "ಏನ್ ತಾಯಿ, ಲಾಟರಿ ಹೊಡೆದ್ಯಲ್ಲ! ಈ ಸಂದರ್ಶನ ಕಳೆದೇಹೋಯ್ತು ಅಂತ ಎಳ್ಳುನೀರು ಬಿಟ್ಟಿದ್ವಿ!"

ದೊರೆಯ ಮಾತು ಮುಗಿಯಿತು. ಟಕ್ ಅಂತ ಸದ್ದಾಗಿ ಕ್ಲ್ಯಾರಿನೆಟ್ ಕೇಳಿಸಿತು. ಅಮ್ಮ ನುಡಿಸಿದ್ದರ ಮೇಲೆಯೇ ಮುದ್ರಿಸಿದ ಸಂದರ್ಶನ ಅದಕ್ಕಿಂತ ಹನ್ನೊಂದು ಸೆಕೆಂಡು ಗಿಡ್ಡವಾಗಿತ್ತು. ಅಷ್ಟು ಮಾತ್ರ ಉಳಿದಿತ್ತು.

"ಆ ಬಾಲ ಕತ್ತರಿಸಿಬಿಡು," ಎಂದು ಅವನು ಹೋದ.

ಕತ್ತರಿಸುವ ಮೊದಲು ಅವಳು ಅದನ್ನು ಫೋನಿಗೆ ಹಾಕಿಕೊಂಡಳು. ಆಮೇಲೆ ಚೀಟಿ ಓದಿದಳು: "ಅಳಿಸಬಹುದು." ಕೆಳಗೆ ಟೇಪು ಉಗ್ರಾಣ ನೋಡಿಕೊಳ್ಳುತ್ತಿದ್ದವನ ಸಹಿ. ಅಪ್ಪನದು.

ಸಂಜೆ ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಚೀಟಿ ನೋಡಿದವನು ಕನ್ನಡಕ ತೆಗೆದ.

"ಅವತ್ತು ಖಾಲಿ ಟೇಪಿರಲಿಲ್ಲ ಕಣೇ. ಅಷ್ಟು ದೊಡ್ಡ ಮನುಷ್ಯ ಬಂದು ಕೂತಿದ್ದ."

"ಬೇರೆ ಯಾರದ್ದೂ ಇರಲಿಲ್ವಾ?"

"ಇತ್ತು. ಅವರದ್ದು ಅಳಿಸಿದ್ರೆ ಜಗಳಕ್ಕೆ ಬರ್ತಿದ್ರು."

ಒಳಗಿನಿಂದ ಅಮ್ಮ ಕೂಗಿದಳು, "ಸಿಕ್ಕಿತೇನೇ?"

ಮಗಳು ಒಳಗೆ ಹೋಗಿ ಫೋನನ್ನು ಅವಳ ಕಿವಿಗೆ ಹಿಡಿದಳು. ಅಪ್ಪ ಬಾಗಿಲವರೆಗೆ ಬಂದು ನಿಂತ. ಹನ್ನೊಂದು ಸೆಕೆಂಡು ಎಷ್ಟು ಹೊತ್ತು?

"ಕೊನೇ ಸ್ವರ ಸ್ವಲ್ಪ ಇಳಿದಿದೆ," ಅಂದಳು ಅಮ್ಮ. ಮುಖ ಅರಳಿತ್ತು. "ಮೊದಲಿಂದ ಹಾಕು."

ಮಗಳು ಅಪ್ಪನ ಕಡೆ ತಿರುಗಿದಳು. "ನೀನೇ ಹೇಳು," ಅಂದಳು.