ಹಗೇವಿನಲ್ಲಿ ಒತ್ತಿದ ಕೈ

ಡಾಕ್ಟರ್ ವಹಾಬ್ ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು, ಆಮೇಲೆ ಜಯದೇವಿಯ ಎದೆಗಿಟ್ಟರು. ಒಂದೇ ಕಡೆ ಮೂರು ಸಲ ಕೇಳಿಸಿಕೊಂಡರು. ಪಕ್ಕದಲ್ಲಿ ಕೂತಿದ್ದ ತಾಯಿ ಚಂದಮ್ಮನ ಮಡಿಲಲ್ಲಿದ್ದ ಬಾಳೆಹಣ್ಣಿನ ಚೀಲ ಜಾರಿತು.

ಮಗಳು ಟೀಚರ್ ಟ್ರೇನಿಂಗಿಗೆ ಸೇರಲು ಆರೋಗ್ಯದ ಚೀಟಿ ಬೇಕಿತ್ತು. ಅದಕ್ಕೆಂದೇ ತಾಯಿ ಮಗಳು ಕಮಲಾಪುರದಿಂದ ಬೆಳಗಿನ ಮೋಟಾರಿಗೆ ಕಲಬುರ್ಗಿಗೆ ಬಂದಿದ್ದರು. ಚೀಟಿ ಕೊಡುತ್ತೇನೆ, ಆದರೆ ಹೃದಯದ ಒಂದು ಕವಾಟ ಚೂರು ಸೋರುತ್ತಿದೆ, ಅಂಜುವಂಥದ್ದಲ್ಲ ಎಂದರು ಡಾಕ್ಟರು.

ಯಾಕೆ ಸೋರುತ್ತಿದೆ ಎಂದು ಚಂದಮ್ಮ ಕೇಳಲಿಲ್ಲ. ತನಗೆ ಗೊತ್ತಿದೆ ಎಂದುಕೊಂಡಳು. ಐದು ವರ್ಷದ ಹಿಂದೆ, ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಗದ್ದಲದಲ್ಲಿ, ರಜಾಕಾರರು ಬಂದರೆಂಬ ಸುದ್ದಿ ಕೇಳಿ ಹನ್ನೆರಡರ ಮಗಳೊಂದಿಗೆ ಬರಿದಾಗಿದ್ದ ಹಗೇವಿಗೆ ಇಳಿದಿದ್ದಳು. ಜೋಳ ತುಂಬುವ ಆ ನೆಲದಡಿಯ ಗುಂಡಿಯಲ್ಲಿ ಹುಡುಗಿಗೆ ಕೆಮ್ಮು ಬಂತು. ಒಂದು ಕೈಯಿಂದ ಬಾಯಿ, ಇನ್ನೊಂದರಿಂದ ಎದೆ ಅದುಮಿ ಹಿಡಿದಳು. ಮೇಲೆ ಹೆಜ್ಜೆಯ ಸಪ್ಪಳ ನಿಲ್ಲುವವರೆಗೂ ಬಿಡಲಿಲ್ಲ. ಮಗಳು ಎದೆನೋವೆಂದು ಎರಡು ದಿನ ಮಲಗಿದ್ದಳು. ಅಂದಿನಿಂದ ಚಂದಮ್ಮ ಅವಳಿಗೆ ನೀರಿನ ಕೊಡ ಎತ್ತಗೊಟ್ಟಿರಲಿಲ್ಲ, ಅಪ್ಪಿಕೊಂಡೂ ಇರಲಿಲ್ಲ.

ಸಣ್ಣವಳಿದ್ದಾಗ ಜ್ವರದ ಜೊತೆಗೆ ಕೀಲು ಬಾತಿದ್ದವೇ ಎಂದು ಡಾಕ್ಟರು ಕೇಳಿದರು. ಚಂದಮ್ಮ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ನೆನಪಾಗಿ ಹೇಳಿದಳು. ಎಂಟನೆಯ ವರ್ಷ ಮೊದಲು ಗಂಟಲು ಬೇನೆ; ಕೆಲವು ವಾರ ಕಳೆದು ಒಂದು ಮೊಣಕಾಲು, ಅದು ಇಳಿಯುತ್ತಲೇ ಇನ್ನೊಂದು, ಆಮೇಲೆ ಕಾಲಿನ ಹರಡು ಬಾತಿದ್ದವು. ಔಡಲದ ಎಲೆ ಬಿಸಿ ಮಾಡಿ ಕಟ್ಟಿದ್ದಳು. ತಿಂಗಳೊಪ್ಪತ್ತು ಅವಳಪ್ಪನೇ ಹೊತ್ತು ತಿರುಗಿದ್ದ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದೇ ನೋಡ್ರಿ. ಆ ಜ್ವರ ಕೀಲಿಗೆ ಬಂದು ಹೋಗತದ, ಹೃದಯದಾಗ ಗುರುತು ಬಿಡತದ." ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ತೋರಿಸಿದರು. "ಮಳ್ಯಾಗ ನೆನದು ಬಾಗೇದ. ಮುಚ್ಚತದ, ಪೂರಾ ಕೂಡಂಗಿಲ್ಲ. ಸಂದ್ಯಾಗ ಚೂರು ಗಾಳಿ. ಇಷ್ಟಕ್ಕ ಮನಿ ಬೀಳತದೇನು?"

ಚಂದಮ್ಮ ಸೆರಗು ಸುತ್ತುತ್ತ ಕೇಳಿದಳು: "ಸಾಹೇಬ್ರ, ಯಾರರ ಎದಿ ಗಟ್ಟ್ಯಾಗಿ ಅದುಮಿ ಹಿಡದ್ರ ಹಿಂಗಾಗತದೇನ್ರಿ?"

ಯಾರು, ಯಾವಾಗ ಎಂದು ಅವರು ಕೇಳಲಿಲ್ಲ. "ಇಲ್ಲಮ್ಮಾ. ಎಲುವಿನ ಗೂಡಿನಾಗ ಅದ ಅದು. ತಾಯಿ ಕೈಯಿಂದ ಇದು ಆಗಂಗಿಲ್ಲ."

ಜಯದೇವಿ ತಾಯಿಯ ಕಡೆ ತಿರುಗಿದಳು. "ಹಗೇವಿನ ಮಾತೇನವ್ವಾ? ಅದಕ್ಕ ಕೊಡ ಕಸಗೋತಿದ್ದೇನು? ನಾ ಮಾಡಿದ ಕೆಲಸ ನಿನಗ ಸೇರಂಗಿಲ್ಲ ಅಂತ ತಿಳದಿದ್ದೆ."

ಗಂಟಲು ನೋವು ಬಂದರೆ ಉದಾಸೀನ ಮಾಡಬೇಡಿ, ಜ್ವರ ಮರುಕಳಿಸದಂತೆ ಔಷಧಿಗೆ ತಪ್ಪದೆ ಬನ್ನಿ, ವರ್ಷಕ್ಕೊಮ್ಮೆ ಎದೆ ತೋರಿಸಿರಿ, ಹುಡುಗಿ ಓದಲಿ, ಓಡಾಡಲಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಚಂದಮ್ಮ ಕೊಟ್ಟ ಕೆಂಪು ಬಾಳೆಹಣ್ಣಿನಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು, ಉಳಿದದ್ದು ದಾರಿಗಾಯಿತೆಂದು ಚೀಲಕ್ಕೇ ಹಾಕಿದರು.

ಮೋಟಾರಿನಲ್ಲಿ ಜಯದೇವಿ ತಾಯಿಯ ಹೆಗಲಿಗೊರಗಿ ನಿದ್ದೆಹೋದಳು. ಚಂದಮ್ಮ ಬಹಳ ಹೊತ್ತು ಯೋಚಿಸಿ ಮಗಳ ಎದೆಯ ಮೇಲೆ ಕೈಯಿಟ್ಟಳು. ಅದು ನೆಟ್ಟಗೆ ಬಡಿಯುತ್ತಿತ್ತು. ಕೈ ತೆಗೆಯಲಿಲ್ಲ.

ಕಮಲಾಪುರದಲ್ಲಿ ಇಳಿದಾಗ ಚೀಲ ಯಾರು ಹೊರಬೇಕೆಂದು ಸಣ್ಣ ಜಗಳವಾಯಿತು. ಚಂದಮ್ಮ ಸೋತಳು.