ಛಾವಣಿ ತೋರಿಸುವ ಹೊತ್ತು

ಪಟಾಕಿಯ ತೋಳು ಕಂಡರೆ ಸಾಕು, ಆಸ್ಪತ್ರೆಯ ಸೂಜಿಗಳು ಗಡಗಡ ನಡುಗಿ ಬಾಗಿಹೋಗುತ್ತಿದ್ದವು. ಒಂದು ಸೂಜಿಯಂತೂ ಅವಳ ಕಾಲಿಗೆ ಬಿದ್ದು, ಕ್ಷಮೆ ಕೇಳಿ, ದರ್ಜಿಯ ಅಂಗಡಿಗೆ ಕೆಲಸಕ್ಕೆ ಸೇರಿಕೊಂಡಿತ್ತು. ಹೀಗೆಂದು ಹೇಳುತ್ತಿದ್ದವಳು ಪಟಾಕಿ ಎಂಬ ಅಡ್ಡಹೆಸರಿನ ಆ ಹುಡುಗಿಯೇ. ನಂಬುತ್ತಿದ್ದವರು ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಮಲಗಿ, ಫೋನಿನ ವಿಡಿಯೊ ಕರೆಯೊಳಗೆ ಒಟ್ಟುಸೇರುತ್ತಿದ್ದ ಮಕ್ಕಳು. ಎಲ್ಲರಿಗೂ ಮೂತ್ರಪಿಂಡದ ಕಾಯಿಲೆ. ದಿನ ಬಿಟ್ಟು ದಿನ ಯಂತ್ರವೇ ಅವರ ರಕ್ತ ತೊಳೆಯಬೇಕು.

ಆ ಗುಂಪಿಗೊಂದು ಕಟ್ಟಳೆಯಿತ್ತು. ಸೂಜಿ ಚುಚ್ಚುವ ಹೊತ್ತಿಗೆ ಕ್ಯಾಮೆರಾ ಛಾವಣಿ ನೋಡಬೇಕು, ಮೈಕು ಮುಚ್ಚಿರಬೇಕು. ಹಾಗಾಗಿ ಎಲ್ಲರಿಗೂ ಎಲ್ಲರ ಟ್ಯೂಬ್‌ಲೈಟು, ಜೇಡರಬಲೆ ಬಾಯಿಪಾಠ. ಪಟಾಕಿಯ ಶೌರ್ಯಕ್ಕೆ ಅವಳ ಫ್ಯಾನೊಂದೇ ಸಾಕ್ಷಿ. ಅದೋ, ಸುಮ್ಮನೆ ತಿರುಗುತ್ತಿತ್ತೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಹೊಸದಾಗಿ ಸೇರಿದ್ದ ಪುಟ್ಟ ಗುಬ್ಬಿ ಅಂದು ತೋಳನ್ನು ಹೊದಿಕೆಯೊಳಗೆ ಬಚ್ಚಿಟ್ಟು ಹಟ ಹಿಡಿದಿದ್ದಳು. ಮೊನ್ನೆಯೂ ಚುಚ್ಚಿಸಿಕೊಂಡಿರಲಿಲ್ಲ. ಕಾಲು ಊದಿತ್ತು, ಉಸಿರು ಭಾರವಾಗಿತ್ತು.

"ನೀನೇ ಒಂದ್ ಮಾತು ಹೇಳಮ್ಮ," ಎಂದರು ಗುಬ್ಬಿಯ ತಾಯಿ, ಪರದೆಯಲ್ಲಿದ್ದ ಪಟಾಕಿಗೆ.

"ಏನೂ ಆಗಲ್ಲ ಕಣೇ! ನಂಗಂತೂ ಕಚಗುಳಿ ಇಟ್ಟಂಗಾಗತ್ತೆ. ನಗು ತಡೆಯಕ್ಕಾಗಲ್ಲ."

"ಹಾಗಾದ್ರೆ ನಂಗೊಬ್ಳಿಗೇ ನೋಯೋದು," ಗುಬ್ಬಿ ಗೊಣಗಿದಳು. "ನಾನು ಪುಕ್ಕಲಿ. ಚುಚ್ಚಿಸ್ಕೊಳಲ್ಲ. ನಿಮ್ ಗುಂಪಲ್ಲೂ ಇರಲ್ಲ."

ಬುರುಡೆ ಬಿಡುವುದು ಪಟಾಕಿಗೆ ನೀರು ಕುಡಿದಷ್ಟು ಸುಲಭ. ನೀರನ್ನಾದರೋ ಡಾಕ್ಟರು ಅಳೆದು ಕೊಡುತ್ತಿದ್ದರು, ಬುರುಡೆಗೆ ಅಳತೆಯಿರಲಿಲ್ಲ. ಆದರೆ ಈ ಸಲ ಇನ್ನೊಂದು ಬುರುಡೆ ಹೊಳೆಯಲೇ ಇಲ್ಲ. ಅಷ್ಟರಲ್ಲಿ ಅವಳ ಹಾಸಿಗೆಯ ಬಳಿಗೇ ನರ್ಸಕ್ಕ ಸೂಜಿ ಹಿಡಿದು ಬಂದರು. ಗಲಿಬಿಲಿಯಲ್ಲಿ ಪಟಾಕಿ ಫೋನನ್ನು ಛಾವಣಿಗೆ ತಿರುಗಿಸಿದಳು. ಮೈಕು ಮುಚ್ಚುವುದನ್ನು ಮರೆತಳು.

"ಅಯ್ಯಯ್ಯೋ! ಬೇಡ, ನಾಳೆ ಚುಚ್ಚಿ, ನಾಳೆ! ಅಮ್ಮಾ!"

"ಆಯ್ತು ಕಂದ, ಆಯ್ತು. ಬಂದಾಗೆಲ್ಲ ಇದೇ ರಾಗ ನಿಂದು."

ಎಲ್ಲರ ಪರದೆಯಲ್ಲೂ ಫ್ಯಾನೇ ಬಿಕ್ಕಿಬಿಕ್ಕಿ ಅಳುತ್ತಿರುವಂತಿತ್ತು.

"ಠುಸ್ ಪಟಾಕಿ!" ಯಾವನೋ ಕಿಸಕ್ಕೆಂದ.

"ಅಕ್ಕಾ," ಗುಬ್ಬಿ ಮೆಲ್ಲಗೆ ಕೇಳಿದಳು, "ಇದು ಕಚಗುಳಿನಾ?"

ಪಕ್ಕದ ಹಾಸಿಗೆಯವಳು ಅತ್ತದ್ದು ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪರದೆಯಲ್ಲಿ ಗುಬ್ಬಿಯ ತೋಳು ಹೊದಿಕೆಯಿಂದ ಅರ್ಧ ಹೊರಬಂದು ಕಾಯುತ್ತಿತ್ತು. ಪಟಾಕಿ ಕಟ್ಟಳೆ ಮುರಿದು, ಕಣ್ಣುಮೂಗೆಲ್ಲ ಸೋರುತ್ತಿದ್ದ ಮುಖಕ್ಕೇ ಫೋನು ಹಿಡಿದಳು.

"ನೋಯತ್ತೆ ಕಣೇ. ತುಂಬಾ ನೋಯತ್ತೆ."

"ಅಳೋರೂ ಗುಂಪಲ್ಲಿ ಇರಬೋದಾ?"

"ನಾನೇ ಇದೀನಲ್ಲೇ. ಒಂದು ಸಲಾನೂ ನಕ್ಕಿಲ್ಲ."